ಯಾವುದಕ್ಕೂ ಅಂಟದ ಎಲುಬು

ನಮ್ಮ ಮನೆಯ ಬೆಕ್ಕನ್ನು ಸ್ಕ್ಯಾನಿಗೆ ಒಯ್ಯಿ ಎಂದವರು ನಮ್ಮ ಅತ್ತೆಯೇ ಹೊರತು ನಾನಲ್ಲ. ಇದನ್ನು ಮೊದಲಿಗೇ ಹೇಳಿಬಿಡುವುದು ಕ್ಷೇಮ. ಅಣ್ಣಿಗೇರಿಯ ನಮ್ಮ ಓಣಿಯಲ್ಲಿ ಈಗಲೂ ‘ಅಕಿ ಮನ್ಯಾಗಿನ ಬೆಕ್ಕನ್ನೂ ಬಿಡಲಿಲ್ಲಂತ’ ಎಂಬ ಮಾತು ನಾನು ದಾಟಿ ಹೋದ ಮೇಲೆ ಹುಟ್ಟಿಕೊಳ್ಳುತ್ತದೆ. ದಾಟುವ ಮೊದಲೇ ಹುಟ್ಟಿದರೆ ಉತ್ತರವನ್ನಾದರೂ ಕೊಡಬಹುದಿತ್ತು.

ನಾನು ಪಶುವೈದ್ಯಕೀಯ ಕಾಲೇಜೊಂದರಲ್ಲಿ ಅಂಗರಚನೆಯ ಪಾಠ ಮಾಡುವವಳು. ದನದ ಡಾಕ್ಟರೆಂಬ ಬಿರುದು ಇದೆ. ಬದುಕಿರುವ ಪ್ರಾಣಿಯ ಮೈಮೇಲೆ ಕೈಯಿಟ್ಟು ಎಷ್ಟು ಕಾಲವಾಯಿತೆಂದು ನೆನೆಸಿಕೊಂಡರೆ ನನಗೇ ನಾಚಿಕೆಯಾಗುತ್ತದೆ. ಎಮ್ಮೆ ಈಯಲಾರದೆ ಒದ್ದಾಡುತ್ತಿದೆ ಎಂದು ಯಾರಾದರೂ ಬಾಗಿಲು ಬಡಿದರೆ ಅಂಗೈ ಬೆವರುತ್ತದೆ, ನಾಲಿಗೆ ಒಣಗುತ್ತದೆ. ಎಮ್ಮೆಗಿಂತ ಮೊದಲು ಇವಳಿಗೇ ಏನಾದರೂ ಆದೀತೆಂದು ನನ್ನ ಯಜಮಾನರು ಅಡ್ಡ ಬರುತ್ತಾರೆ.

“ಅಕಿಗೆ ಸತ್ತ ಮ್ಯಾಲ ತಂದಕೊಡ್ರೀಪಾ,” ಎನ್ನುತ್ತಾರೆ. “ಅಗದಿ ಛಲೋ ನೋಡತಾಳ.”

ಅವರದು ಕಾಳಿನ ವ್ಯಾಪಾರ. ಕಡಲೆಯ ಸುಗ್ಗಿ ಬಂತೆಂದರೆ ಅಂಗಡಿಯಲ್ಲಿ ಹಿಡಿಸದ ಚೀಲಗಳು ನಮ್ಮ ಪಡಸಾಲೆಗೆ ಬಂದು ತೊಲೆಯವರೆಗೂ ಏರಿ ಕೂರುತ್ತವೆ. ಚೀಲ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಬೆಕ್ಕು. ಹೀಗಾಗಿ ನಮ್ಮ ಮನೆಯ ಬೆಕ್ಕು ಮುದ್ದಿಗೆ ಸಾಕಿದ್ದಲ್ಲ, ನೌಕರಿಗೆ ಇದ್ದದ್ದು. ಮೂರು ಬಣ್ಣದ ಹೆಣ್ಣು ಬೆಕ್ಕು. ಒಂದು ಕಿವಿಯ ಅಂಚು ಯಾವುದೋ ಜಗಳದಲ್ಲಿ ಹರಿದು ಹೋಗಿತ್ತು. ಅದಕ್ಕೆ ಹೆಸರಿಟ್ಟಿರಲಿಲ್ಲ. ಅತ್ತೆ ಅದನ್ನು ‘ಕಳ್ಳಿ’ ಎಂದು ಬೈಯುತ್ತಿದ್ದರು, ಅದು ಅದನ್ನೇ ಹೆಸರೆಂದು ತಿಳಿದು ಓಡಿ ಬರುತ್ತಿತ್ತು.

ಜನ ಮಕ್ಕಳ ಮದುವೆಯ ಯೋಚನೆ ಮಾಡುವ ವಯಸ್ಸಿನಲ್ಲಿ ನನಗೆ ಪಿಎಚ್.ಡಿ. ಮಾಡುವ ಬುದ್ಧಿ ಬಂತು. ವಿಷಯ, ಬೆಕ್ಕಿನ ಮುಂಗಾಲಿನ ಎಲುಬುಗಳು. ಅವನ್ನು ಕೊಯ್ಯದೆ, ಕುದಿಸದೆ, ಸಿ.ಟಿ. ಸ್ಕ್ಯಾನಿನಲ್ಲಿ ನೋಡಿ ಅಳೆಯುವುದು. ನಾವು ಓದಿದ ಪುಸ್ತಕಗಳಲ್ಲಿ ನಾಯಿಗೆ ಪುಟಗಟ್ಟಲೆ ಜಾಗ, ಬೆಕ್ಕಿಗೆ ಕೆಳಗೊಂದು ಸಾಲು. ಬೆಕ್ಕೆಂದರೆ ಸೈಜು ಕಡಿಮೆಯಾದ ನಾಯಿ ಎಂಬ ಹಾಗೆ. ಹಾಗಲ್ಲ ಅದು. ಬೆಕ್ಕಿನ ತೋಳೆಲುಬಿನ ಕೆಳತುದಿಯಲ್ಲಿ ದಬ್ಬಣದ ಕಣ್ಣಿನಂಥದೊಂದು ಕಿಂಡಿಯಿದೆ. ನರ ಮತ್ತು ರಕ್ತನಾಳ ಅದರೊಳಗೆ ತೂರಿ ಪಂಜದ ಕಡೆ ಇಳಿಯುತ್ತವೆ. ನಾಯಿಗೆ ಅದಿಲ್ಲ. ಮುಂಗೈಯ ಎರಡೂ ಎಲುಬುಗಳು ನಮ್ಮವುಗಳಂತೆ ಬಿಡಿಬಿಡಿಯಾಗಿದ್ದು, ಒಂದರ ಮೇಲೊಂದು ತಿರುಗುತ್ತವೆ. ಬೆಕ್ಕು ಅಂಗೈ ಹೊರಳಿಸಿ ಮುಖ ತೊಳೆಯುವುದು ಇದರಿಂದಲೇ. ಈ ಸಂಗತಿಗಳನ್ನು ಊಟದ ಹೊತ್ತಿನಲ್ಲಿ ಹೇಳಬಾರದೆಂದು ಮನೆಯಲ್ಲಿ ನಿಯಮವಾಗಿತ್ತು.

ನನಗೂ ಒಂದು ನಿಯಮವಿತ್ತು. ತಾನಾಗಿ ಸತ್ತ ಬೆಕ್ಕು ಮಾತ್ರ ಬೇಕು. ಕಲಘಟಗಿ ಕಡೆ ನೌಕರಿಯಲ್ಲಿದ್ದ ನನ್ನ ಹಳೆಯ ಸಹಪಾಠಿಗಳಿಗೆ ಹೇಳಿಟ್ಟಿದ್ದೆ. ಮಿಶ್ರಿಕೋಟಿಯಿಂದ ಒಂದು, ದೇವಿಕೊಪ್ಪದಿಂದ ಒಂದು, ಹೀಗೆ ಗೋಣಿಚೀಲದಲ್ಲಿ ಸುತ್ತಿ ಬಸ್ಸಿಗೆ ಹಾಕುತ್ತಿದ್ದರು. ಚೀಲದಲ್ಲಿ ಏನಿದೆ ಎಂದು ಕಂಡಕ್ಟರು ಕೇಳಿದರೆ ಏನನ್ನಬೇಕೆಂದು ನಾನು ವಾರಗಟ್ಟಲೆ ಚಿಂತಿಸಿ, ‘ಅಭ್ಯಾಸದ ಸಾಮಾನು’ ಎಂಬ ಉತ್ತರ ಕಟ್ಟಿಕೊಟ್ಟಿದ್ದೆ. ಯಾವ ಕಂಡಕ್ಟರೂ ಕೇಳಲಿಲ್ಲ. ನನ್ನ ಚಿಂತೆಗಳ ಹಣೆಬರಹವೇ ಅಷ್ಟು: ನಾನು ತಯಾರಾಗಿ ನಿಂತ ಕಡೆಯಿಂದ ಯಾವ ಆಪತ್ತೂ ಬರುವುದಿಲ್ಲ.

ಸ್ಕ್ಯಾನು ಹುಬ್ಬಳ್ಳಿಯಲ್ಲಿ. ಮನುಷ್ಯರ ಸ್ಕ್ಯಾನಿಂಗ್ ಕೇಂದ್ರವೊಂದರ ಮಾಲೀಕರು ರವಿವಾರ ಮಧ್ಯಾಹ್ನ ರೋಗಿಗಳೆಲ್ಲ ಹೋದ ಮೇಲೆ, ಹಿಂದಿನ ಬಾಗಿಲಿನಿಂದ, ಯಾರಿಗೂ ಗೊತ್ತಾಗದಂತೆ ಎಂಬ ಕರಾರಿನ ಮೇಲೆ ಒಪ್ಪಿದ್ದರು. ಯಂತ್ರ ನಡೆಸುವವನು ನಮ್ಮ ಓಣಿಯವನೇ, ದಿನಾ ರೈಲಿನಲ್ಲಿ ಹೋಗಿಬರುವವ. ಯಾರಿಗೂ ಗೊತ್ತಾಗದಂತೆ ಎಂಬುದು ಅಲ್ಲಿಗೆ ಮುಗಿಯಿತೆಂದು ನಾನು ಆಗಲೇ ತಿಳಿಯಬೇಕಿತ್ತು.

ಯಂತ್ರಕ್ಕೆ ರೋಗಿಯ ಹೆಸರು ಕೊಡದಿದ್ದರೆ ಅದು ಮುಂದೆ ಹೋಗದು. ಆತ ‘ಬೆಕ್ಕವ್ವ’ ಎಂದು ಬರೆಯುತ್ತಿದ್ದ. ಗಂಡು ಬೆಕ್ಕಾದರೆ ‘ಬೆಕ್ಕಪ್ಪ’.

“ವಯಸ್ಸು ಏನ ಹಾಕ್ಲಿರಿ ಮೇಡಮ್ರ?”

“ಏನರ ಹಾಕಪಾ.”

“ಅರವತ್ತ ಹಾಕತೇನಿ. ಸತ್ತಾರಲ್ರಿ, ಸಣ್ಣ ವಯಸ್ಸು ಹಾಕಿದ್ರ ಮನಸ್ಸಿಗೆ ಕೆಟ್ಟ ಅನಸತೈತಿ.”

ಬೆಕ್ಕನ್ನು ಬೋರಲು ಮಲಗಿಸಿ ಮುಂಗಾಲುಗಳೆರಡನ್ನೂ ತಲೆಯಾಚೆ ನೀಡಬೇಕು. ದೀಡನಮಸ್ಕಾರ ಹಾಕಿದ ಭಂಗಿ. ಮೇಜು ಮೆಲ್ಲಗೆ ಯಂತ್ರದ ಕಂಕಣದೊಳಗೆ ಸರಿಯುತ್ತದೆ, ಉಳ್ಳಾಗಡ್ಡಿ ಹೆಚ್ಚಿದಂತೆ ಬೆಕ್ಕು ತೆಳ್ಳಗಿನ ಬಿಲ್ಲೆಬಿಲ್ಲೆಯಾಗಿ ಪರದೆಯ ಮೇಲೆ ಬರುತ್ತದೆ, ಆದರೂ ಮೇಜಿನ ಮೇಲೆ ಒಂದು ಕೂದಲೂ ಕೊಂಕಿರುವುದಿಲ್ಲ. ಆ ಬಿಲ್ಲೆಗಳನ್ನು ಡಿಸ್ಕಿನಲ್ಲಿ ಹಾಕಿಸಿಕೊಂಡು ಮನೆಗೆ ತಂದು, ಲ್ಯಾಪ್‌ಟಾಪಿನಲ್ಲಿ ಒಂದರ ಮೇಲೊಂದು ಪೇರಿಸಿ, ಎಲುಬಲ್ಲದ್ದನ್ನೆಲ್ಲ ಅಳಿಸುತ್ತಾ ಹೋದರೆ ಕೊನೆಗೆ ಎಲುಬು ಉಳಿಯುತ್ತದೆ.

ಆ ಸುಗ್ಗಿಯಲ್ಲಿ ನಾನು ಪರೀಕ್ಷೆಯ ಕೆಲಸಕ್ಕೆಂದು ಬೇರೆ ಊರಿಗೆ ಹೋಗಿದ್ದೆ. ತಿರುಗಿ ಬಂದಾಗ ಅತ್ತೆ ಹೊಸ್ತಿಲಲ್ಲಿ ಕುಳಿತಿದ್ದರು. ಅವರು ಹೊಸ್ತಿಲಲ್ಲಿ ಕೂರುವವರಲ್ಲ, ಕೂತವರನ್ನು ಎಬ್ಬಿಸುವವರು.

“ಕಳ್ಳಿ ಹೋತು,” ಎಂದರು. ಎರಡು ದಿನದಿಂದ ಕಾಣದ ಬೆಕ್ಕು ಕಡಲೆಚೀಲಗಳ ಹಿಂದಿನ ಸಂದಿಯಲ್ಲಿ ಸೆಟೆದುಕೊಂಡು ಸಿಕ್ಕಿತ್ತು. ಹಳೆಯ ಪತ್ತಲದ ತುಂಡಿನಲ್ಲಿ ಸುತ್ತಿ ಇಟ್ಟಿದ್ದರು. ನಾನು ಬಾಯಿ ತೆರೆಯುವ ಮೊದಲೇ ಹೇಳಿದರು. “ಇದನ್ನೂ ಒಯ್ಯಿ.”

“ಎಲ್ಲಿಗ್ರಿ?”

“ನಿನ್ನ ಮಿಶಿನ್ನಿಗೆ. ಅವನ್ನೆಲ್ಲಾ ಒಯ್ದಿ, ಇದೇನ ಪಾಪ ಮಾಡೇತಿ?”

ನಾನು ಸ್ಕ್ಯಾನಿನಿಂದ ಬಂದ ದಿನ ಹಿತ್ತಲಲ್ಲೇ ಸ್ನಾನ ಮಾಡಿಸಿ ಒಳಗೆ ಬಿಡುತ್ತಿದ್ದ ಅತ್ತೆ ಇವರು. ನನಗೆ ಕಣ್ಣು ತುಂಬಿ ಬಂತು. ಕೊನೆಗೂ ನನ್ನ ಅಭ್ಯಾಸದ ಬೆಲೆ ಇವರಿಗೆ ತಿಳಿಯಿತು ಎಂದುಕೊಂಡೆ. ನನ್ನ ಬಗ್ಗೆ ನಾನು ಒಳ್ಳೆಯದು ಅಂದುಕೊಂಡಾಗಲೆಲ್ಲ ಹೀಗೇ ಆಗುತ್ತದೆ. ವಿಷಯ ಬೇರೆಯೇ ಇರುತ್ತದೆ.

ಸೆಟೆದ ಬೆಕ್ಕನ್ನು ಬಿಚ್ಚಿ ನೋಡುವ ಮನಸ್ಸು ನನಗಾಗಲಿಲ್ಲ. ಮಿಶ್ರಿಕೋಟಿಯ ಬೆಕ್ಕು ಬೇರೆ, ಚಳಿಗಾಲದಲ್ಲಿ ನನ್ನ ಪಾದದ ಮೇಲೆ ಮಲಗಿದ್ದ ಬೆಕ್ಕು ಬೇರೆ. ಪತ್ತಲದ ಸಮೇತ ಕಾಲೇಜಿನ ಫ್ರೀಜರಿನಲ್ಲಿಟ್ಟೆ. ಬರ್ಫು ಬಿಡಿಸಿ ರವಿವಾರ ಹುಬ್ಬಳ್ಳಿಗೆ ಒಯ್ದಾಗಲೂ ಮಲಗಿಸಿದವನು ಯಂತ್ರ ನಡೆಸುವ ನಮ್ಮ ಓಣಿಯ ಹುಡುಗನೇ. ನಾನು ಹೊರಗೆ ಹೋಗಿ ಸುಮ್ಮನೆ ಫೋನಿನಲ್ಲಿ ಮಾತಾಡುವವಳಂತೆ ನಿಂತೆ. ಆತನಿಗೂ ಅದು ಪರಿಚಯದ ಬೆಕ್ಕು. ಬೇರೆ ಬೆಕ್ಕುಗಳನ್ನು ಡಿಸ್ಕಿಗೆ ಹಾಕಿ ಕೈತೊಳೆದುಕೊಳ್ಳುತ್ತಿದ್ದವನು ಅವತ್ತು ತಾನೇ ಕುಳಿತು ಪರದೆಯ ಮೇಲೆ ಅದರ ಎಲುಬು ಜೋಡಿಸಿ ನೋಡಿದನಂತೆ. ನನಗೆ ಏನೂ ಹೇಳಲಿಲ್ಲ. ಕಳ್ಳಿ ಮತ್ತೆ ಫ್ರೀಜರಿಗೆ ಹೋಯಿತು.

ಅದಾದ ಮೇಲೆ ನಮ್ಮ ಮನೆಯ ಮಧ್ಯಾಹ್ನಗಳು ಕೆಟ್ಟವು.

ಭೂತ ಪಿಶಾಚಿಗಳಿಗೆ ರಾತ್ರಿ ಬೇಕೆನ್ನುವವರು ಈ ಸೀಮೆಯ ಬೇಸಿಗೆಯನ್ನು ಕಂಡಿಲ್ಲ. ಎರಿಹೊಲಗಳು ಬಾಯಿಬಿಟ್ಟು, ಓಣಿಯಲ್ಲಿ ಒಂದು ನಾಯಿಯೂ ನಿಲ್ಲದ ಮಟಮಟ ಮಧ್ಯಾಹ್ನ, ಗದಗಿನ ಕಡೆಯ ರೈಲು ದಾಟಿ ಹೋದ ಮೇಲೆ ಒಂದು ಮೌನ ಬರುತ್ತದೆ. ನಾನು ಪಡಸಾಲೆಯಲ್ಲಿ ಅಳತೆಯ ಕೆಲಸ ಮಾಡುತ್ತಾ ಕುಳಿತಿದ್ದರೆ, ಆ ಮೌನದಲ್ಲಿ ಚೀಲದ ಸೆಣಬಿಗೆ ಉಗುರು ಸಿಕ್ಕಿ ಬಿಡಿಸಿಕೊಳ್ಳುವ ಚರಕ್ ಎಂಬ ಸದ್ದು. ಕಳ್ಳಿ ಚೀಲದ ರಾಶಿ ಏರುವಾಗ ಮಾಡುತ್ತಿದ್ದ ಸದ್ದು. ತಲೆಯೆತ್ತಿದರೆ ಏನೂ ಇರುತ್ತಿರಲಿಲ್ಲ. ಮತ್ತೆ ಪರದೆ ನೋಡಿದರೆ ಅಲ್ಲಿ ಅದರದೇ ಪಂಜ, ಉಗುರು ಒಳಗೆ ಮಡಚಿಕೊಂಡು, ನಾನು ತಿರುಗಿಸಿದ ಕಡೆ ತಿರುಗುತ್ತಾ.

“ಇಲಿ ಅದು,” ಎಂದರು ಯಜಮಾನರು. “ಬೆಕ್ಕು ಹೋತು, ಇಲಿ ಬಂತು. ಇದಕ್ಯಾಕ ಮಾರಿ ಬಿಳೇದ ಮಾಡಕೋತಿ?”

ಇರಬಹುದು. ಆದರೆ ನಾನು ಲೆಕ್ಕಕ್ಕೆ ಕೂತರೆ, ಟೈಪು ಮಾಡುತ್ತಿರುವ ನನ್ನ ಮುಂಗೈಯಲ್ಲೂ ಎರಡು ಎಲುಬು ಒಂದರ ಮೇಲೊಂದು ಹೊರಳುವುದು ಚರ್ಮದ ಕೆಳಗೆ ಕಾಣತೊಡಗಿತು. ಮುಖಕ್ಕೆ ಸೋಪು ಹಚ್ಚಿಕೊಳ್ಳಲು ಕೈಯೆತ್ತಿದರೆ ಬೆಕ್ಕು ಮುಖ ತೊಳೆದಂತೆ ಅನಿಸಿ ಅರ್ಧಕ್ಕೇ ಬಿಡುತ್ತಿದ್ದೆ. ರಕ್ತದೊತ್ತಡ ಏರಿರಬೇಕೆಂದು ಒಂದು ದಿನ, ಇಳಿದಿರಬೇಕೆಂದು ಇನ್ನೊಂದು ದಿನ ನಿಶ್ಚಯಿಸಿದೆ.

ಅತ್ತೆಯದು ಇನ್ನೊಂದು ಬಗೆ. ಅವರು ಅಡುಗೆಮನೆಯ ಬಾಗಿಲನ್ನು ಬೆಕ್ಕು ನುಸುಳುವಷ್ಟು ಸರಿಸಿ ಇಡತೊಡಗಿದರು. ಚಹಾಕ್ಕೆ ಹಾಲು ಬೇಡವೆಂದರು. ಮೊಸರು ಬಿಟ್ಟರು. ಮಧ್ಯಾಹ್ನ ಅಡ್ಡಾಗುವವರು ಗೋಡೆಗೊರಗಿ ಚೀಲಗಳ ಸಂದಿಯನ್ನೇ ನೋಡುತ್ತಾ ಕೂರುತ್ತಿದ್ದರು. ಒಮ್ಮೆ ನನ್ನನ್ನು ನೋಡದೆಯೇ ಕೇಳಿದರು. “ನಿನಗೂ ಕೇಳಸ್ತೇನ?”

“ಇಲಿ ಅಂತ ಅವರಂದ್ರಿ.”

“ಅಂವಾ ಅನ್ನಲಿ. ನಿನಗ ಕೇಳಿದ್ದು ನಾ.”

ನಾನು ಅಳತೆಯ ಕಡೆ ತಿರುಗಿದೆ. ಇಬ್ಬರಿಗೂ ಕೇಳಿಸಿತೆಂದು ಒಪ್ಪಿದರೆ ಅದು ನಿಜವಾಗಿಬಿಡುತ್ತದೆಂಬ ಹೆದರಿಕೆ.

ಕೊನೆಗೆ ಸುದ್ದಿ ಒಡೆದವರು ಯಜಮಾನರು. ಅಂಗಡಿಯಿಂದ ಊಟಕ್ಕೆ ಬಂದವರು ಚಪ್ಪಲಿ ಕಳಚುವ ಮೊದಲೇ ಕೇಳಿದರು.

“ಪತ್ತಾರ ಬಂದಿದ್ದ ಅಂಗಡಿಗೆ. ಬೆಕ್ಕು ಕುಂತಿರಬೇಕೋ ನಿಂತಿರಬೇಕೋ ಅಂತ ಕೇಳಾಕತ್ತಿದ್ದ. ಇದು ನಿನ್ನ ಪಿಎಚ್‌ಡಿದ್ದೇನ?”

“ಯಾವ ಬೆಕ್ಕು?”

“ಬಂಗಾರದ್ದು! ನಮ್ಮವ್ವ ತನ್ನ ಕಿವ್ಯಾಗಿನ ಬುಗುಡಿ ಕರಗಿಸಿ ಬಂಗಾರದ ಬೆಕ್ಕು ಮಾಡು ಅಂದಾಳಂತ.”

ನಮ್ಮ ಕಡೆ ಮಾತಿದೆ: ಬೆಕ್ಕು ಕೊಂದ ಪಾಪಕ್ಕೆ ಬಂಗಾರದ ಬೆಕ್ಕು ಮಾಡಿಸಿ ದಾನ ಕೊಡಬೇಕು. ಆಕಳು ಕೊಂದವರಿಗಿಂತ ಬೆಕ್ಕು ಕೊಂದವರನ್ನು ಜನ ಕೆಟ್ಟದಾಗಿ ನೋಡುತ್ತಾರೆ. ನನಗೆ ಒಮ್ಮೆಲೇ ಎಲ್ಲ ಹೊಳೆಯಿತು, ಹೊಳೆದದ್ದು ಬೇಡವಾಗಿತ್ತು.

ಅತ್ತೆ ಮುಚ್ಚಿಡಲಿಲ್ಲ. ಕೇಳಿದ್ದಕ್ಕೆ ಗೋಡೆ ನೋಡುತ್ತಾ ಹೇಳಿದರು. ನಾನು ಊರಲ್ಲಿಲ್ಲದ ದಿನ ಬೆಕ್ಕು ಕಾಸಿಟ್ಟ ಹಾಲಿಗೆ ಬಾಯಿ ಹಾಕಿತ್ತು. ಸಿಟ್ಟಿನಲ್ಲಿ ಕೈಗೆ ಸಿಕ್ಕ ಊದುಗೊಳವೆ ಬೀಸಿ ಒಗೆದರು. ಕಬ್ಬಿಣದ್ದು. ಬೆಕ್ಕು ಕುಂಯ್ ಅಂದು ಹೊರಗೆ ಓಡಿತು. ಆಮೇಲೆ ಕಂಡದ್ದು ಚೀಲದ ಸಂದಿಯಲ್ಲಿ, ಸತ್ತು.

“ನಾ ಹೊಡದದ್ದಕ್ಕ ಸತ್ತೀತೋ ಏನೋ ಅಂತ ಖಾತ್ರಿ ಮಾಡಕೊಳ್ಳಾಕ ನಿನ್ನ ಕೈಲೆ ಕಳಿಸಿದ್ನಿ,” ಎಂದರು. “ನಿನ್ನ ಕೇಳಿದ್ರ ನೀ ಸಮಾಧಾನಕ್ಕ ಸುಳ್ಳ ಹೇಳತಿ. ಅದಕ್ಕ ಆ ಹುಡುಗಗ ಕೇಳಿದ್ನಿ. ಅಂವಾ ಹೇಳಿದ, ಹೆಗಲಿನ ಕಡೆ ಒಂದ ಎಲುಬು ತುಂಡಾಗಿ ಬ್ಯಾರೆ ಬಿದ್ದೈತಿ ಅಜ್ಜಿ, ಯಾವುದಕ್ಕೂ ಹತ್ತಿಲ್ಲ, ತೇಲಾಡಾಕತ್ತೈತಿ ಅಂತ.”

ನಾನು ಜೋರಾಗಿ ನಕ್ಕೆ. ಆ ಹೊತ್ತಿನಲ್ಲಿ ನಗಬಾರದಿತ್ತು, ಆದರೆ ನನಗೆ ಬಂದ ಸಮಾಧಾನ ಅಂಥದ್ದು. ಅದು ಮುರಿದ ಎಲುಬಲ್ಲ, ಕೊರಳೆಲುಬು. ಮನುಷ್ಯರಲ್ಲಿ ಅದು ಎದೆಯಿಂದ ಹೆಗಲಿಗೆ ಸೇತುವೆಯಂತೆ ಬಿಗಿದಿರುತ್ತದೆ. ಬೆಕ್ಕಿನಲ್ಲಿ ಕಡ್ಡಿಯಂಥ ಸಣ್ಣ ತುಂಡು, ಅತ್ತ ಎದೆಗೂ ಇಲ್ಲ, ಇತ್ತ ಹೆಗಲಿಗೂ ಇಲ್ಲ, ಮಾಂಸದ ನಡುವೆ ಒಂಟಿಯಾಗಿ ಇರುತ್ತದೆ. ತಲೆ ತೂರಿದ ಸಂದಿಯಲ್ಲಿ ಬೆಕ್ಕಿನ ಹೆಗಲೂ ತೂರುವುದಕ್ಕೆ ಇದೂ ಒಂದು ಕಾರಣ. ದಿನವೆಲ್ಲ ಮನುಷ್ಯರ ಎಲುಬು ನೋಡುವ ಹುಡುಗ ಅದನ್ನು ಮುರಿದದ್ದೆಂದು ತಿಳಿದಿದ್ದ.

“ಎತ್ತು ಈದೈತಿ ಅಂದ್ರ ಕೊಟ್ಟಿಗ್ಯಾಗ ಕಟ್ಟು ಅಂದಂಗಾತು,” ಎಂದು ಯಜಮಾನರು ಊಟಕ್ಕೆ ಹೋದರು. ಅವರ ಪಾಲಿಗೆ ಅದು ಮುಗಿದಿತ್ತು.

ನಾನು ಲ್ಯಾಪ್‌ಟಾಪನ್ನು ತಂದು ಕಡಲೆಚೀಲದ ಮೇಲಿಟ್ಟೆ. ಅತ್ತೆ ಕನ್ನಡಕ ಹಾಕಿಕೊಂಡು ಪಕ್ಕದಲ್ಲಿ ಕುಳಿತರು.

“ಇಲ್ಲಿ ನೋಡ್ರಿ ಅತ್ತಿ. ಇದು ಎಡಕಿಂದು. ಇದು ಬಲಕಿಂದು. ಎರಡೂ ಕಡೆ ಐತಿ.”

“ಎರಡೂ ಕಡೆ ಮುರದೈತಿ?”

“ಮುರದಿಲ್ರಿ. ಹುಟ್ಟಿದ್ದ ಹಂಗ. ಎಲ್ಲಾ ಬೆಕ್ಕಿಗೂ ಹಿಂಗ ಇರತೈತಿ.”

“ಎಲುಬು ಅಂದ ಮ್ಯಾಲ ಎಲ್ಯರ ಒಂದ ಕಡೆ ಹತ್ತಿರಬೇಕಲ್ಲ ಬೇ. ಸುಮ್ನ ನಡಕ ಹೆಂಗ ಇರತೈತಿ?”

“ಇರತೈತ್ರಿ. ತಡೀರಿ, ಬ್ಯಾರೇದು ತೋರಸ್ತೇನಿ. ಇದು ಮಿಶ್ರಿಕೋಟಿ ಬೆಕ್ಕು. ಇದಕ್ಕೂ ಐತಿ. ಇದು ದೇವಿಕೊಪ್ಪದ್ದು. ಇದಕ್ಕೂ ಐತಿ.”

ಅತ್ತೆ ಎರಡನ್ನೂ ದಿಟ್ಟಿಸಿದರು. “ಅವಕ್ಕೂ ಯಾರೋ ಹೊಡದಿರಬೇಕು,” ಎಂದರು.

ಒಂದೊಂದೇ ಬೆಕ್ಕನ್ನು ತೆಗೆದು ತೋರಿಸಿದೆ. ಇಡೀ ಜಿಲ್ಲೆಯ ಬೆಕ್ಕುಗಳನ್ನು ಹೊಡೆದು ಎರಡೂ ಕಡೆ ಒಂದೇ ಅಳತೆಗೆ ಮುರಿಯುವಷ್ಟು ಅಚ್ಚುಕಟ್ಟಿನ ಜನ ನಮ್ಮಲ್ಲಿಲ್ಲ ಎಂಬುದನ್ನು ಅವರು ಕಡೆಗೆ ಒಪ್ಪಿದರು. ಆ ಬಿಸಿಲಲ್ಲೂ ನನ್ನ ಮೈ ಹಗುರಾಯಿತು. ನನ್ನ ಇಷ್ಟು ವರ್ಷದ ಓದು ಒಬ್ಬರ ಪ್ರಾಣಕ್ಕೆ ತಂಪು ಕೊಟ್ಟಿತು ಎಂದುಕೊಂಡೆ. ಮತ್ತೆ ಅದೇ ತಪ್ಪು.

ಅತ್ತೆ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು.

“ಅಲ್ಲಾ, ಊದುಗೊಳವಿ ಒಗದಾಗ ಅದು ನನಗ ಬೆನ್ನ ಕೊಟ್ಟ ಓಡತಿತ್ತು. ಮುಂದಿನ ಕಾಲಿಗೆ ಹೆಂಗ ಬಡೀತೈತಿ? ಹಿಂದಿಂದು ತೋರ್ಸು.”

ಚಿತ್ರವನ್ನು ಹಿಂದಕ್ಕೆ ಸರಿಸಿದೆ, ಹೆಗಲು ದಾಟುತ್ತಲೇ ಅದು ಮುಗಿಯಿತು.

“ಹಿಂದಿಂದು ಇಲ್ರಿ,” ಎಂದೆ. “ತಗದಿಲ್ಲ.”

“ಯಾಕ?”

“ನನ್ನ ವಿಷಯ ಮುಂಗಾಲಷ್ಟ.”

“ಅರ್ಧಾ ಬೆಕ್ಕಿಗೆ ಪಿಎಚ್‌ಡಿ ಕೊಡತಾರೇನ?”

ಕೊಡುತ್ತಾರೆ ಎಂದು ಹೇಳಹೊರಟು ನಡುವೆಯೇ ನಿಲ್ಲಿಸಿದೆ. ಯಾಕೆಂದರೆ ನನಗೆ ಆಗ ನೆನಪಾಗಿತ್ತು: ಬಿಲ್ಲೆ ತೆಗೆಯುವ ಮೊದಲು ಯಂತ್ರ ಎಲ್ಲಿಂದ ಎಲ್ಲಿಗೆ ಎಂದು ಗುರುತು ಹಾಕಿಕೊಳ್ಳಲು ಒಂದು ಮಸುಕು ನೆರಳುಚಿತ್ರ ತೆಗೆಯುತ್ತದೆ. ಆ ಹುಡುಗ ಮನುಷ್ಯರ ರೂಢಿಯಂತೆ ಅದನ್ನು ಉದ್ದಕ್ಕೂ ತೆಗೆಯುತ್ತಿದ್ದ, ಮೂಗಿನಿಂದ ಬಾಲದವರೆಗೆ. ಪ್ರತಿ ಬೆಕ್ಕಿನದೂ ಡಿಸ್ಕಿನಲ್ಲಿ ಇತ್ತು. ಆತ ಅದನ್ನು ಗುರುತು ಹಾಕುವಷ್ಟೇ ನೋಡುತ್ತಿದ್ದ, ನಾನೂ ಹೆಗಲಿನಿಂದ ಹಿಂದಕ್ಕೆ ಯಾವತ್ತೂ ನೋಡಿರಲಿಲ್ಲ.

ಸುಳ್ಳು ಹೇಳಬಹುದಿತ್ತು. ಹಿಂದಿನದನ್ನೂ ನೋಡಿದ್ದೇನೆ, ಏನೂ ಆಗಿಲ್ಲ ಎಂದರೆ ಬುಗುಡಿ ಉಳಿಯುತ್ತಿತ್ತು, ಹಾಲು ಮರಳಿ ಚಹಾಕ್ಕೆ ಬರುತ್ತಿತ್ತು. ಆದರೆ ಸಮಾಧಾನಕ್ಕೆ ಸುಳ್ಳು ಹೇಳುವವಳೆಂದು ಅವರು ನನ್ನ ಮುಖಕ್ಕೇ ಹೇಳಿಯಾಗಿತ್ತು. ನನ್ನ ಮುಖವಂತೂ ಇಂಥ ಕೆಲಸಕ್ಕೆ ಯಾವಾಗಲೂ ಕೈಕೊಡುತ್ತದೆ. ಅವರು ಅದನ್ನೇ ನೋಡುತ್ತಿದ್ದರು.

“ಏನೋ ಐತಿ. ತಗಿ.”

ತೆಗೆದೆ. ಬೂದು ಬಣ್ಣದ ಪರದೆಯ ಮೇಲೆ ಕಳ್ಳಿ ಉದ್ದಕ್ಕೆ ಮಲಗಿತ್ತು. ತಲೆ, ಪಕ್ಕೆಲುಬು, ಮಣಿಸರದಂಥ ಬೆನ್ನು. ಬೆನ್ನು ಮುಗಿಯುವಲ್ಲಿ ಸೊಂಟದ ಎಲುಬು ಇರಬೇಕಾದ ಆಕಾರದಲ್ಲಿ ಇರಲಿಲ್ಲ. ಎರಡೂ ಬದಿಗೆ ಒಡೆದು, ಒಂದು ಭಾಗ ಇನ್ನೊಂದರ ಮೇಲೆ ಏರಿ ಕೂತಿತ್ತು. ಮಸುಕು ಚಿತ್ರದಲ್ಲೂ ಕಣ್ಣು ತಪ್ಪುವಂಥದ್ದಲ್ಲ. ಪಾಠದ ಪುಸ್ತಕದಲ್ಲಿ ಇಂಥದ್ದನ್ನು ಒಂದೇ ಕಾರಣದ ಕೆಳಗೆ ಹಾಕಿರುತ್ತಾರೆ.

ಬೆರಳಿಟ್ಟು ತೋರಿಸಿ ಹೇಳಿದೆ. “ಅತ್ತಿ, ಇದು ನಿಮ್ಮ ಊದುಗೊಳವಿಗೆ ಆಗಿದ್ದಲ್ರಿ. ಇಷ್ಟ ಒಡೀಬೇಕಂದ್ರ ಗಾಲಿ ಹಾಯಬೇಕು. ಇದರ ಮ್ಯಾಲ ಟ್ರ್ಯಾಕ್ಟರೋ ಟ್ರೇಲಿನೋ ಹಾದೈತಿ.”

ಸುಗ್ಗಿಯಲ್ಲಿ ನಮ್ಮ ಓಣಿಯೊಳಗೆ ಕಡಲೆಚೀಲದ ಟ್ರ್ಯಾಕ್ಟರುಗಳು ಬೆಳಗಿನಿಂದ ಸಂಜೆಯವರೆಗೆ ಹಾಯುತ್ತವೆ. ಅದು ಹಿಂಗಾಲು ಎಳೆದುಕೊಂಡು, ಬರೀ ಮುಂಗಾಲ ಬಲದಿಂದ ಹೊಸ್ತಿಲು ಹತ್ತಿ, ಪಡಸಾಲೆ ದಾಟಿ ಚೀಲದ ಸಂದಿ ಸೇರಿರಬೇಕು. ನಾನು ವಾರಗಟ್ಟಲೆ ಅಳೆದದ್ದು ಆ ಮುಂಗಾಲುಗಳನ್ನೇ. ಇದನ್ನು ನಾನು ಹೇಳಲಿಲ್ಲ.

“ನಾನಲ್ಲ?” ಎಂದರು ಅತ್ತೆ.

“ನೀವಲ್ರಿ. ಪ್ರಮಾಣ ಮಾಡಿ ಹೇಳತೇನಿ.”

ಅವರ ಭುಜ ಇಳಿಯಿತು. ಎಷ್ಟು ದಿನದಿಂದ ಬಿಗಿ ಹಿಡಿದಿದ್ದರೋ, ಒಂದು ಉಸಿರು ಬಿಟ್ಟರು. ಒಳಗಿನಿಂದ ಯಜಮಾನರು ಕೈತೊಳೆಯುವ ನೀರಿನ ಸದ್ದು ಬಂತು. ಆ ಒಂದು ಗಳಿಗೆ ಮನೆ ಮೊದಲಿನಂತಾಗಿತ್ತು. ಆಮೇಲೆ ಅತ್ತೆಯ ಮುಖ ನಿಧಾನಕ್ಕೆ ಇನ್ನೊಂದು ಕಡೆ ತಿರುಗುವುದು ಕಂಡೆ. ಮುಖ ತಿರುಗಿರಲಿಲ್ಲ, ಒಳಗಿನದೇನೋ ತಿರುಗಿತ್ತು.

“ಟ್ರ್ಯಾಕ್ಟರ್ ಬರೂದು ಅದಕ್ಕ ಗೊತ್ತಿರಲಿಲ್ಲೇನ?” ಎಂದರು. “ಇಷ್ಟ ವರ್ಷ ಇದ ಓಣ್ಯಾಗ ದಾಟೇತಿ. ಸಪ್ಪಳ ಕೇಳಿ ನಿಂತು, ಹೋದ ಮ್ಯಾಲ ದಾಟತಿತ್ತು. ನಾನ ನೋಡೇನಿ, ಮನಶ್ಯಾರಕಿಂತ ಶ್ಯಾಣ್ಯಾ ಇತ್ತು. ಅವತ್ತ ಯಾಕ ನಿಲ್ಲಲಿಲ್ಲ?”



“ಬೆನ್ನ ಹಿಂದ ನಾ ಇದ್ನಿ,” ಎಂದು ತಾವೇ ಹೇಳಿದರು.

ಸ್ಕ್ಯಾನು ಎಲುಬನ್ನು ತೋರಿಸುತ್ತದೆ. ಬೆಕ್ಕು ಯಾಕೆ ಓಡಿತು ಎಂಬುದನ್ನು ತೋರಿಸುವ ಯಂತ್ರ ಹುಬ್ಬಳ್ಳಿಯಲ್ಲಂತೂ ಇಲ್ಲ. ಹಾಗೆಲ್ಲ ಹಚ್ಚಿಕೊಳ್ಳಬಾರದು, ಅದು ಬೇರೆ ಯಾವಾಗಲೋ ದಾಟಿರಬಹುದು, ಅಂದೇ ಎಂದು ಏನು ಖಾತ್ರಿ ಎಂದು ನಾನು ಬಡಬಡಿಸಿದೆ. ಜೀವಮಾನವೆಲ್ಲ ಚಿಂತೆ ಮಾಡಿದವಳು ಇನ್ನೊಬ್ಬರಿಗೆ ಚಿಂತೆ ಬಿಡಿ ಎಂದರೆ ಯಾರು ಕೇಳುತ್ತಾರೆ? ಅವರು ಕೇಳಿಸಿಕೊಳ್ಳುತ್ತಿರಲೂ ಇಲ್ಲ. ಬೆರಳಿನಿಂದ ಸೀರೆಯ ಮಡಿಕೆ ತೀಡುತ್ತಾ ಏನೋ ಲೆಕ್ಕ ಹಾಕುತ್ತಿದ್ದರು.

“ಟ್ರ್ಯಾಕ್ಟರ್ ಯಾರದು?”

“ಯಾರಿಗೆ ಗೊತ್ರಿ.”

“ಗೊತ್ತಾದ್ರ ಅವಗೂ ಹೇಳಬೇಕು. ಪಾಪದಾಗ ಅಂವಂದೂ ಪಾಲ ಐತಿ.” ಮಡಿಕೆ ತೀಡುವುದು ನಿಲ್ಲಿಸಿ ತೀರ್ಪು ಕೊಟ್ಟರು. “ಪೂರಾ ನಂದಲ್ಲ. ನಂದ ಅಲ್ಲ ಅನ್ನೂಹಂಗೂ ಇಲ್ಲ. ಪತ್ತಾರಗ ಬಂಗಾರದ್ದ ಬ್ಯಾಡ ಅಂತ ಹೇಳು. ಬೆಳ್ಳಿದ ಮಾಡಲಿ.”

ನನಗೆ ನಗುವೂ ಬಂತು, ಮೈಯೂ ಜುಮ್ಮೆಂದಿತು. ಅವರು ತಮಾಷೆ ಮಾಡುತ್ತಿರಲಿಲ್ಲ. ಮುಂದಿನ ವಾರ ಪತ್ತಾರ ಹೆಬ್ಬೆರಳಿನಷ್ಟು ಬೆಳ್ಳಿಯ ಬೆಕ್ಕು ಮಾಡಿಕೊಟ್ಟ, ಅತ್ತೆ ಅದನ್ನು ಮಠಕ್ಕೆ ಒಯ್ದು ಅಯ್ಯನವರ ಪಾದದ ಹತ್ತಿರ ಇಟ್ಟು ಬಂದರು. ನಾನು ಫ್ರೀಜರಿನಿಂದ ಕಳ್ಳಿಯನ್ನು ತಂದೆ. ವಿಭೂತಿ ಹಚ್ಚಿ ಹೊಲದ ಬದುವಿನಲ್ಲಿ ಮಣ್ಣು ಮಾಡಿದೆವು.

ಆದರೆ ನನ್ನನ್ನು ಬಿಡದೆ ಕಾಡುವುದು ಇದ್ಯಾವುದೂ ಅಲ್ಲ, ಆ ಮಧ್ಯಾಹ್ನದ ಕೊನೆ.

ತೀರ್ಪು ಕೊಟ್ಟಾದ ಮೇಲೆ ಅತ್ತೆ ಏಳಲಿಲ್ಲ. “ತಪ್ಪಾತು ಅಂತ ಅದಕ್ಕೂ ಒಂದ ಮಾತ ಹೇಳಬೇಕಲಾ,” ಎಂದರು. “ನೀ ಅದನ್ನ ಬರ್ಫಿನ್ಯಾಗ ಇಟ್ಟಿ. ಎಲುಬಿಗೆ ಹೆಂಗ ಹೇಳೂದು?”

ಯಾಕೆ ಹೊಳೆಯಿತೋ, ಬಿಲ್ಲೆಗಳ ಚಿತ್ರವನ್ನು ಮತ್ತೆ ತೆಗೆದೆ. ಎಲುಬು ಬೇಕಾದರೆ ಪರದೆಯ ಕೆಳಗಿನ ಗುಂಡಿಯನ್ನು ಬಲಕ್ಕೆ ಎಳೆಯುತ್ತೇವೆ. ಚರ್ಮ, ಮಾಂಸ ಕರಗಿ ಎಲುಬು ನಿಲ್ಲುತ್ತದೆ. ಅದನ್ನು ಎಡಕ್ಕೆ ಎಳೆಯುವ ಪ್ರಸಂಗ ನನಗೆ ಎಂದೂ ಬಂದಿರಲಿಲ್ಲ. ಎಡಕ್ಕೆ ಎಳೆದೆ. ಎಲುಬಿನ ಮೇಲೆ ಮಂಜು ಕವಿದಂತೆ ಮಾಂಸ ಬಂತು, ಮಾಂಸದ ಮೇಲೆ ಚರ್ಮ. ನೀಡಿದ ಮುಂಗಾಲುಗಳ ನಡುವೆ ಇಟ್ಟ ತಲೆ ತುಂಬಿಕೊಂಡಿತು, ಮೂತಿ ಬಂತು, ಕಿವಿ ಎದ್ದವು. ಬಣ್ಣವಿರಲಿಲ್ಲ, ಕೂದಲಿರಲಿಲ್ಲ, ಮೇಣದಲ್ಲಿ ತಿದ್ದಿದ ಹಾಗೆ. ಹರಿದ ಕಿವಿ ಹರಿದೇ ಇತ್ತು.

ಅತ್ತೆ ಹಿಂದೆ ಸರಿಯಲಿಲ್ಲ. ಇನ್ನಷ್ಟು ಹತ್ತಿರ ಬಾಗಿದರು.

“ಅಯ್ ಕಳ್ಳಿ,” ಎಂದರು, ದಿನಾ ಬೈಯುವ ದನಿಯಲ್ಲಿ. “ಕಣ್ಣ ಮುಚಗೊಂಡ ಮಲಗಿ ನೋಡು. ಹಾಲ ಕುಡದ್ರ ಕುಡದಿ, ಬಾಜೂಕ ಸರದ ಕುಂದ್ರಬಾರದೇನ? ಮಾಡಿನ ಮ್ಯಾಲ ಏರಬಾರದೇನ? ಬಾಗಲದ ಕಡೆ ಯಾಕ ಓಡಿದಿ ಬೇ? ನಾ ಸಿಟ್ಟ ಮಾಡೂದು ನಿನಗೇನ ಹೊಸಾದೇನ?”

ದನಿ ಅಲ್ಲಿ ಒಡೆಯಿತು. ಕೆಮ್ಮಿ ಸರಿಪಡಿಸಿಕೊಂಡು, ಪರದೆಯಿಂದ ಕಣ್ಣು ತೆಗೆಯದೆ ನನ್ನನ್ನು ಕೇಳಿದರು. “ಅದಕ್ಕ ಕೇಳಸ್ತೇನ?”

“ಇಲ್ರಿ ಅತ್ತಿ. ಇದು ಬರೀ ಚಿತ್ರ.”

“ನಿನಗೆಲ್ಲಾ ಗೊತ್ತು,” ಎಂದು ಗದರಿದರು. “ಸರಿ ಆಚೆ. ಎಲುಬು ನೋಡಾಕಿ ಎಲುಬು ನೋಡು. ನಮ್ಮದು ಇನ್ನಾ ಮಾತೈತಿ.”

ನಾನು ಎದ್ದು ಗೋಡೆಯ ಕಡೆ ಸರಿದು ನಿಂತೆ. ಯಾರೂ ಮುಟ್ಟದಿದ್ದರೆ ಪರದೆ ತಾನಾಗಿ ಕಪ್ಪಾಗುತ್ತದೆಂದು ಹೇಳಬೇಕೆನಿಸಿತು, ಹೇಳಲಿಲ್ಲ. ಅತ್ತೆ ತಗ್ಗಿದ ದನಿಯಲ್ಲಿ ಮಾತಾಡುತ್ತಲೇ ಇದ್ದರು. ಒಮ್ಮೊಮ್ಮೆ ನಿಲ್ಲಿಸಿ, ಆ ಕಡೆಯವರು ಹೇಳುವುದನ್ನು ಕೇಳುವವರಂತೆ ತಲೆ ಓರೆ ಮಾಡಿ, “ಹೌದು ಹೌದು, ಅದೂ ಖರೇನ” ಎಂದು, ಮತ್ತೆ ಶುರುಮಾಡುತ್ತಿದ್ದರು.